ಟಾರ್ಪಾಲಿಗೆ ಬದಲಾಗಿ ಬಂದ ವರ್ಲಿನ್

ಟ್ಯಾಲ್ಮನ್ ಊರಿನ ಬೇಸ್‌ಬಾಲ್ ಮೈದಾನವನ್ನು ಮೂವತ್ತು ವರ್ಷ ನೋಡಿಕೊಂಡವನು ನಾನು. ದೊಡ್ಡ ತಂಡಗಳ ಕಣ್ಣಿಗೆ ಬೀಳಬೇಕೆಂದು ಹರೆಯದ ಹುಡುಗರು ಬಂದು ಆಡುವ ಕೆಳದರ್ಜೆಯ ಲೀಗ್ ನಮ್ಮದು. ಮಳೆ ಬಂದರೆ ಅಂಕಣದ ಮಣ್ಣಿಗೆ ಹೊದಿಸಲು ನನ್ನ ಹತ್ತಿರ ಎರಡು ಟಾರ್ಪಾಲುಗಳಿದ್ದವು, ಒಂದು ಹೊಸದು, ಇನ್ನೊಂದು ತೇಪೆ ಹಾಕಿದ್ದು. ೧೯೭೮ರ ಜೂನ್‌ನಲ್ಲಿ ಚೆಂಡು ಹಿಡಿಯುವ ನಮ್ಮ ಕ್ಯಾಚರ್ ಹೆಬ್ಬೆರಳು ಮುರಿದುಕೊಂಡ. ನದಿಯಾಚೆಯ ಕ್ರೆಸ್ಟನ್‌ವಿಲ್ ತಂಡದಲ್ಲಿ ಒಬ್ಬ ಕ್ಯಾಚರ್ ಹೆಚ್ಚಿಗೆ ಇದ್ದ. ಅವರ ಟಾರ್ಪಾಲು ಬಿರುಗಾಳಿಗೆ ಹರಿದುಹೋಗಿತ್ತು. ನಮ್ಮ ಮ್ಯಾನೇಜರ್ ಬೋಮನ್ ಫೋನಿನಲ್ಲೇ ಅದಲುಬದಲು ಮಾತಾಡಿ ಮುಗಿಸಿದ. ಹೋದದ್ದು ಹೊಸ ಟಾರ್ಪಾಲು.

ಬಂದವನು ವರ್ಲಿನ್ ಸ್ಟ್ರೌಡ್. ವಯಸ್ಸು ಮೂವತ್ಮೂರು. ಹನ್ನೆರಡು ವರ್ಷ ಬ್ಯಾಟಿನವನ ಹಿಂದೆ ಕುಕ್ಕರಗಾಲಲ್ಲಿ ಕೂತೂ ಕೂತೂ ಮೊಣಕಾಲು ಸವೆದಿದ್ದವು. ಕಾರಿನಿಂದ ಇಳಿಯುವಾಗ ಬಾಗಿಲು ಹಿಡಿದು ಎದ್ದ.

"ಹೊಸ ಟಾರ್ಪಾಲು ಕೊಟ್ಟು ಹಳೇ ಮೊಣಕಾಲು ತಂದ್ಯಲ್ಲೋ," ಎಂದು ನಾನು ಬೋಮನ್‌ನನ್ನು ತರಾಟೆಗೆ ತೆಗೆದುಕೊಂಡೆ.

"ಮೊಣಕಾಲು ಎರಡು ಬಂದ್ವಲ್ಲ ಮರ್ಟ್, ಟಾರ್ಪಾಲು ಹೋಗಿದ್ದು ಒಂದೇ," ಎಂದ ಬೋಮನ್.

ಇಪ್ಪತ್ತೊಂದು, ಇಪ್ಪತ್ತೆರಡರ ಹುಡುಗರು ವರ್ಲಿನ್‌ಗೆ ಅಂದೇ 'ತಾತ' ಎಂದು ಹೆಸರಿಟ್ಟರು. ಅವನು ಮಾತ್ರ ಸೀದಾ ನನ್ನ ಹತ್ತಿರ ಬಂದ.

"ಆ ಟಾರ್ಪಾಲು ನಿಮ್ದಂತೆ. ಮಳೆ ಬಂದ್ರೆ ನನ್ನನ್ನ ಹಾಸಕ್ಕಾಗಲ್ಲ, ಆದ್ರೆ ಮಣ್ಣು ಸಮ ಮಾಡಕ್ಕೆ ಬರತ್ತೆ. ಇನ್ನೊಂದು ರೇಕ್ ಇದ್ಯಾ?"

ಅವತ್ತಿನಿಂದ ದಿನಾ ಬೆಳಿಗ್ಗೆ ನನ್ನ ಜೊತೆ ಮೈದಾನಕ್ಕೆ ಇಳಿಯುತ್ತಿದ್ದ. ನನ್ನ ಸಿಟ್ಟು ವಾರ ಬಾಳಲಿಲ್ಲ.

ಆದರೆ ಆಟ ಮಾತ್ರ ಕುಂಟುತ್ತಿತ್ತು. ಜುಲೈ ಪೂರ್ತಿ ಅವನ ಬ್ಯಾಟಿಗೆ ಚೆಂಡು ಸರಿಯಾಗಿ ಸಿಕ್ಕಿದ್ದು ನಾಲ್ಕೇ ಸಲ. ಭಾನುವಾರಗಳಲ್ಲಿ ಅವನ ಹೆಂಡತಿ ನೊರೀನ್ ಬರುತ್ತಿದ್ದಳು. ದೂರದ ಊರಿನ ಶಾಲೆಯಲ್ಲಿ ಟೀಚರು. ಫ್ಲಾಸ್ಕಿನ ಕಾಫಿಯನ್ನು ನನಗೂ ಬಗ್ಗಿಸುತ್ತ ಒಂದು ದಿನ ಹೇಳಿದಳು: "ಸೆಪ್ಟೆಂಬರಿಂದ ವರ್ಲಿನ್‌ಗೆ ನನ್ನ ತಮ್ಮನ ಧಾನ್ಯದ ಗೋದಾಮಲ್ಲಿ ಕೆಲಸ. ಇದೇ ಕೊನೇ ಬೇಸಿಗೆ ಅಂತ ವರ್ಲಿನ್ನೇ ಅಂದ. ನಾನು ಹೇಳಿಸಿದ್ದಲ್ಲ ಮರ್ಟ್, ಆಣೆ."

ಆಗಸ್ಟ್‌ನ ಮೊದಲ ಶನಿವಾರ ಅದೇ ಕ್ರೆಸ್ಟನ್‌ವಿಲ್ ಜೊತೆ ಒಂದೇ ದಿನ ಎರಡು ಪಂದ್ಯ. ಹಿಂದಿನ ದಿನ ಚರ್ಚಿನವರ ಊಟದಲ್ಲಿ ಆಲೂಗಡ್ಡೆ ಸಲಾಡು ತಿಂದು, ಚೆಂಡು ಎಸೆಯುವ ಮೂವರು ಹೊಟ್ಟೆ ಹಿಡಿದುಕೊಂಡು ಮಲಗಿದ್ದರು. ಎರಡನೇ ಪಂದ್ಯದ ನಡುವೆ ನಾವು ಹನ್ನೊಂದು ರನ್ ಹಿಂದೆ ಬಿದ್ದಿದ್ದೆವು. ಉಳಿದ ಒಬ್ಬ ಪಿಚರನ್ನು ದಣಿಸಲು ಬೋಮನ್‌ಗೆ ಮನಸ್ಸಿರಲಿಲ್ಲ.

"ತಾತ, ಉಳಿದ ಮೂರು ಇನಿಂಗ್ಸ್ ನೀನೇ ಎಸಿ. ಹೇಗಿದ್ರೂ ಸೋತಾಗಿದೆ, ಕೈ ಹೋದ್ರೂ ಪರವಾಗಿಲ್ಲ."

"ಕಾಲಂತೂ ಹೋಗಿದೆ. ಕೈನೂ ಹೋಗ್ಲಿ ಬಿಡಿ," ಎಂದು ವರ್ಲಿನ್ ಎದ್ದ.

ನಮಗೆ ಗೊತ್ತಿಲ್ಲದ ಒಂದು ಸಂಗತಿ ಇತ್ತು. ಅವನ ತಾಯಿ ಆರ್ಡಿತ್ ಚಿಕ್ಕಂದಿನಲ್ಲಿ ಕೊಟ್ಟಿಗೆಯ ಹಿಂದೆ ಅವನಿಗೊಂದು ಎಸೆತ ಕಲಿಸಿದ್ದಳು. ಚೆಂಡನ್ನು ಉಗುರ ತುದಿಯಲ್ಲಿ ಹಿಡಿದು ತಳ್ಳಿದರೆ ಅದು ಸ್ವಲ್ಪವೂ ತಿರುಗದೆ, ಕುಡಿದ ದುಂಬಿಯ ಹಾಗೆ ತೂರಾಡುತ್ತ ಬರುತ್ತದೆ. ಕೋಚ್‌ಗಳೆಲ್ಲ ಮಂಗಾಟ ಎಂದು ಬೈದಿದ್ದರಿಂದ ಅವನು ಅದನ್ನು ಆಟದಲ್ಲಿ ಎಂದೂ ಎಸೆದಿರಲಿಲ್ಲ. ಸೋತ ಪಂದ್ಯವೆಂದು ಅವತ್ತು ಎಸೆದ.

ಚೆಂಡಿನ ನಿಧಾನ ನೋಡಿ ಜನ ನಕ್ಕರು. ಮೊದಲನೆಯ ಬ್ಯಾಟರ್ ಬೀಸಿದ ರಭಸಕ್ಕೆ ತಾನೇ ಕುಕ್ಕರಿಸಿ ಬಿದ್ದ. ಎರಡನೆಯವನು ಬ್ಯಾಟನ್ನೇ ನೋಡುತ್ತ ವಾಪಸು ಹೋದ. ವರ್ಲಿನ್ ಜಾಗದಲ್ಲಿ ಕ್ಯಾಚರ್ ಆಗಿ ಕೂತಿದ್ದ ಹುಡುಗನ ಮುಖವಾಡಕ್ಕೆ ಚೆಂಡು ಎರಡು ಸಲ ಬಡಿಯಿತು.

"ತಾತ, ಎಲ್ಲಿ ಬರತ್ತೆ ಅಂತ ಹೇಳಿ ಎಸೀರಿ," ಎಂದು ಅವನು ಕೂಗಿದ.

"ನಂಗೇ ಗೊತ್ತಿಲ್ವಲ್ಲ ಮಗಾ."

ಮೂರು ಇನಿಂಗ್ಸ್‌ನಲ್ಲಿ ಒಬ್ಬನೇ ಒಬ್ಬ ಹೊಡೆದ. ಪಂದ್ಯ ನಾವೇ ಸೋತೆವು. ಆದರೂ ಕ್ರೆಸ್ಟನ್‌ವಿಲ್‌ನ ಮ್ಯಾನೇಜರ್ ಬೇಲಿಯ ಹತ್ತಿರ ಬಂದು, "ಬೋಮನ್, ನಿನ್ನ ಟಾರ್ಪಾಲು ನಾಳೇನೇ ತಂದುಕೊಡ್ತೀನಿ, ನಮ್ಮೋನ್ನ ನಮಗೆ ಕೊಟ್ಬಿಡು," ಎಂದ. ಬೋಮನ್ ಬಾಯಿ ತೆರೆಯುವ ಮೊದಲು ನಾನೇ "ಬೇಡ" ಎಂದುಬಿಟ್ಟೆ.

ಆಮೇಲೆ ವರ್ಲಿನ್ ಕುಕ್ಕರಗಾಲಲ್ಲಿ ಕೂರಲಿಲ್ಲ. ಆ ತಿಂಗಳು ಆರು ಪಂದ್ಯ ಗೆಲ್ಲಿಸಿದ. ಕೊನೆಯ ವಾರ ದೊಡ್ಡ ತಂಡವೊಂದರ ಕಡೆಯ ಮನುಷ್ಯ ಬಂದು ಎರಡು ದಿನ ನೋಡಿದ. ಮುಂದಿನ ವಸಂತಕ್ಕೆ ಮೇಲಿನ ಲೀಗಿಗೆ ಬಾ ಎಂದ. ವರ್ಲಿನ್‌ಗೆ ಖುಷಿಗಿಂತ ಹೆದರಿಕೆಯೇ ಹೆಚ್ಚಾಯಿತು.

"ನೊರೀನ್‌ಗೆ ನೀವೇ ಹೇಳ್ತೀರಾ ಮರ್ಟ್?"

"ನನ್ನ ಹೆಂಡ್ತಿಗೇ ನಾನು ಏನೂ ಹೇಳಲ್ಲ, ನಿನ್ನ ಹೆಂಡ್ತಿಗೆ ಹೇಳ್ತೀನಾ?"

ಭಾನುವಾರ ಅವಳು ಬಂದಳು. ಅವನು ಗೋದಾಮಿನ ಮಾತು ಎತ್ತಿದ.

"ತಮ್ಮಂಗೆ ಗುರುವಾರಾನೇ ಫೋನ್ ಮಾಡಿದೆ," ಎಂದಳು ನೊರೀನ್. "ಬೇರೆ ಯಾರನ್ನಾದ್ರೂ ನೋಡ್ಕೋ ಅಂದೆ. ಬೋಮನ್ ಹೆಂಡತಿ ಹೊಟ್ಟೇಲಿ ಮಾತು ನಿಲ್ಲತ್ತಾ?"

ವರ್ಲಿನ್ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತ. "ಸೋತು ಬಂದ್ರೆ?" ಎಂದು ಕೇಳಿದ.

"ಬಂದ್ರೆ ಆಗ ನೀನೇ ಫೋನ್ ಮಾಡು. ನಾನು ಒಂದ್ಸಲ ಮಾಡಾಯ್ತು."

ಎರಡು ವರ್ಷ ಮೇಲಿನ ಲೀಗಿನಲ್ಲಿ ಆಡಿ, ಮೂವತ್ತೈದರಲ್ಲಿ ಅವನು ದೊಡ್ಡ ತಂಡದ ಅಂಗಿ ತೊಟ್ಟ. ಮೊದಲ ಪಂದ್ಯವನ್ನು ನಾವೆಲ್ಲ ಕ್ಷೌರದಂಗಡಿಯ ರೇಡಿಯೋ ಸುತ್ತ ನಿಂತು ಕೇಳಿದೆವು. ಅರ್ಧ ಗಡ್ಡ ಹೆರೆಸಿಕೊಂಡವನು ಹಾಗೇ ಕೂತಿದ್ದ. ಆ ಪಂದ್ಯ ಸೋತ, ಮುಂದಿನದು ಗೆದ್ದ. ಒಟ್ಟು ನಾಲ್ಕು ವರ್ಷ ಅಲ್ಲಿ ಉಳಿದ.

ನೊರೀನ್ ನಿವೃತ್ತಳಾದ ಮೇಲೆ ಇಬ್ಬರೂ ಟ್ಯಾಲ್ಮನ್‌ಗೇ ಬಂದು ಮನೆ ಮಾಡಿದರು. ಮಂಗಳವಾರಗಳಂದು ವರ್ಲಿನ್ ಮತ್ತು ನಾನು ನದಿಗೆ ಮೀನು ಹಿಡಿಯಲು ಹೋಗುತ್ತೇವೆ. ಅವನಿಗೆ ಇನ್ನೂ ಗಾಳಕ್ಕೆ ಹುಳು ಚುಚ್ಚಲು ಬರುವುದಿಲ್ಲ, ನಾನೇ ಚುಚ್ಚಿಕೊಡುತ್ತೇನೆ. ಬುತ್ತಿ ಮಾತ್ರ ಅವನೇ ತರುತ್ತಾನೆ.