ಕರೆಯದೆ ಉಳಿದ ಕೈ

ಅವರ ಬಲಗೈ ಮೇಲೆದ್ದರೆ ಮೊಣಕೈ ಎಲ್ಲಿದೆ ಎಂದು ಹುಡುಕಬೇಕಾಗುತ್ತಿತ್ತು, ಅಷ್ಟು ನೆಟ್ಟಗೆ. ವಾಡಿ ಜಂಕ್ಷನ್ನಿನಲ್ಲಿ ಹಸಿರು, ಕೆಂಪು ಬಾವುಟ ತೋರಿಸಿ ನಿವೃತ್ತಿಯಾದ ಕೈ ಅದು. ಸಂಜೆ ಹಾಕಿ ಮೈದಾನದಲ್ಲಿ ಸೀಟಿಯ ಜೊತೆ ಏಳುತ್ತಿತ್ತು. ಎಲ್ಲರಿಗೂ ಅವರು ಅಂಪೈರ್ ಸಾಹೇಬರು.

ಪತ್ರಿಕೆಗೆ ಆಟದ ವರದಿ ಕಳಿಸಲು ಹೋಗತೊಡಗಿದಾಗ ನನಗೆ ಸಂಕೇತಗಳನ್ನು ಕಲಿಸಿದವರು ಅವರೇ. ಎರಡೂ ಕೈ ಗೋಲಿನತ್ತ ಚಾಚಿದರೆ ಪೆನಾಲ್ಟಿ ಕಾರ್ನರ್. ಒಂದು ಕೈ ಗೋಲಿನ ಮುಂದಿನ ಚುಕ್ಕೆಯತ್ತ, ಇನ್ನೊಂದು ನೇರ ಮೇಲಕ್ಕೆ ಹೋದರೆ ಪೆನಾಲ್ಟಿ ಸ್ಟ್ರೋಕ್. ಹಳದಿ ಕಾರ್ಡು ಬಂದರೆ ಐದು ನಿಮಿಷ ಹೊರಗೆ. ನಮ್ಮಲ್ಲಿ ಹೊರಗೆ ಎಂದರೆ ಗೆರೆಯಾಚೆ ಇದ್ದ, ನೆಲಕ್ಕೆ ಹಾಸುವಂಥ ಒಂದು ಫರಸಿ ಕಲ್ಲು. ಅದರ ಮೇಲೆ ಕುಳಿತವನು ತಾನಾಗಿ ಏಳುವಂತಿರಲಿಲ್ಲ. ಸಾಹೇಬರೇ ಬಲಗೈ ಬೀಸಿ ಒಳಗೆ ಕರೆಯಬೇಕು. ಅದು ಈ ಮೈದಾನದ ರೂಢಿ.

“ಕಂಡಿದ್ದಷ್ಟೇ ಬರೀರಿ. ನಾನೂ ಕಂಡಿದ್ದಕ್ಕಷ್ಟೇ ಕೈ ಎತ್ತತೀನಿ,” ಎನ್ನುತ್ತಿದ್ದರು ನನಗೆ. ಆಟಗಾರರಿಗೆ ಹೇಳುತ್ತಿದ್ದುದು ಇನ್ನೂ ಚಿಕ್ಕದು: “ಕೈ ಎದ್ದ ಮ್ಯಾಲ ಮಾತಿಲ್ಲ.”

ಪ್ರೇಕ್ಷಕರಿಗೆ ಆ ಕಟ್ಟಳೆ ಇರಲಿಲ್ಲ. “ಸಾಹೇಬ್ರ, ಚಷ್ಮಾ ಮನ್ಯಾಗ ಬಿಟ್ಟು ಬಂದೀರೇನ್ರಿ?” ಎಂದು ಯಾರಾದರೂ ಕೂಗುತ್ತಿದ್ದರು.

“ಮೂಗಿನ ಮ್ಯಾಲೇ ಅದ. ಅದಕ್ಕೇ ನಿಮ್ಮಂವ ಕಲ್ಲಿನ ಮ್ಯಾಲ ಕುಂತಾನ!”

ಅವರ ಗರಡಿಯಲ್ಲೇ ಬೆಳೆದ ಒಬ್ಬ ಮುಂಪಡೆ ಆಟಗಾರನಿದ್ದ. ಹಗಲು ಫರಸಿ ಪಾಲಿಶ್ ಕೆಲಸ, ಸಂಜೆ ಹಾಕಿ. ಶಹಾಬಾದ್ ತಂಡದ ಜೊತೆಗಿನ ಪಂದ್ಯದ ದಿನ, ಕ್ರೀಡಾ ಕೋಟಾದ ನೌಕರಿಗೆ ಆಟಗಾರರನ್ನು ನೋಡಲು ಸೊಲ್ಲಾಪುರದಿಂದ ಒಬ್ಬರು ಬಂದು ಕುಳಿತಿದ್ದರು. ಅವನಿಗೆ ವಯಸ್ಸಿನ ಮಿತಿಯೊಳಗೆ ಅದೇ ಕೊನೆಯ ಅವಕಾಶ ಎಂಬುದು ಸಾಹೇಬರಿಗೂ ಗೊತ್ತಿತ್ತು.

ಪಂದ್ಯ ಸಮನಾಗಿ ಮುಗಿಯುತ್ತ ಬಂದಿತ್ತು. ಕಲ್ಲು ಕೊಯ್ಯುವ ಯಂತ್ರಗಳ ಹುಡಿ ಗಾಳಿಗೆದ್ದು, ಬೆವರಿದ ಅಂಗಿಗಳಿಗೆ ಮೆತ್ತಿ, ಬೆನ್ನಿನ ಅಂಕಿಗಳೆಲ್ಲ ಬೂದಿ ಬಣ್ಣದಲ್ಲಿ ಮುಚ್ಚಿಹೋಗಿದ್ದವು. ಗುಂಪಿನಲ್ಲಿ ನಮ್ಮವನೊಬ್ಬ ಎದುರಾಳಿಯ ಕಾಲಿಗೆ ಕೋಲು ಹಾಕಿದ. ಸೀಟಿ ಆಯಿತು. ಸಾಹೇಬರ ಕೈ ಎದ್ದು, ಹಳದಿ ಕಾರ್ಡು ಈ ಹುಡುಗನತ್ತ ತಿರುಗಿತು. ಅವನು ಒಂದು ಕ್ಷಣ ನಿಂತ. ಆಮೇಲೆ ಹೋಗಿ ಕಲ್ಲಿನ ಮೇಲೆ ಕುಳಿತ. ಅವನ ಐದು ನಿಮಿಷ ತುಂಬುವ ಮೊದಲೇ ಎದುರಾಳಿಗಳು ಒಂದು ಗೋಲು ಹೊಡೆದು ಆಟ ಮುಗಿಯಿತು, ನಮ್ಮವರು ಸೋತರು. ಸೊಲ್ಲಾಪುರದವರು ರೈಲಿಗೆ ಎದ್ದು ಹೋದರು. ಗಲಾಟೆಯಲ್ಲಿ ಸಾಹೇಬರು ಅವನನ್ನು ಒಳಗೆ ಕರೆಯುವುದೂ ಉಳಿದುಹೋಯಿತು.

ಮರುದಿನ ಚಹಾದಂಗಡಿಯಲ್ಲಿ ಅದೇ ತಂಡದ ಇನ್ನೊಬ್ಬ ಬಂದು ತಲೆ ತಗ್ಗಿಸಿ ನಿಂತ. “ಸಾಹೇಬ್ರ, ಕೋಲು ಹಾಕಿದ್ದು ನಾ. ಅಂವ ಅಲ್ರಿ.”

ಅವರು ಚಹಾ ಅರ್ಧಕ್ಕೇ ಬಿಟ್ಟು ಸೊಲ್ಲಾಪುರದ ಗಾಡಿ ಹಿಡಿದರು. ಅಲ್ಲಿ ಸಿಕ್ಕ ಉತ್ತರವನ್ನು ತಿರುಗಿ ಬಂದು ನನಗೆ ಹೇಳಿದರು: “ಆರಿಸಿದ ಹುಡುಗರ ಹೆಸರು ಹೋಗಿಬಿಟ್ಟಾವಂತ. ಆಟ ಮುಗದ ಮ್ಯಾಲ ಸೀಟಿ ಊದಿದ್ರ ಏನ್ ಬಂತು ಅಂದ್ರು.” ಆಮೇಲೆ ಪಾಲಿಶ್ ಶೆಡ್ಡಿಗೆ ಹೋದರು. ನಾನೂ ಜೊತೆಗಿದ್ದೆ.

“ಯಾಕ ಹೇಳಲಿಲ್ಲೋ?”

ಅವನು ಯಂತ್ರ ನಿಲ್ಲಿಸಿದ. “ನಿಮ್ಮ ಕೈ ಎದ್ದಿತ್ತಲ್ರಿ, ಸಾಹೇಬ್ರ.”

ಅದಾದ ಮೇಲೆ ಅವರು ಸೀಟಿ ಮುಟ್ಟಲಿಲ್ಲ. ಸಂಜೆ ಮೈದಾನಕ್ಕೆ ಬಂದು ಆ ಕಲ್ಲಿನ ಮೇಲೆ ಕೂರುತ್ತಿದ್ದರು. “ಮ್ಯಾಚ್ ಸುರು ಮಾಡಾಕತ್ತಾರ, ಬರ್ರಿ,” ಎಂದು ಕರೆದರೂ ಒಲ್ಲೆನೆಂದು ತಲೆಯಾಡಿಸುತ್ತಿದ್ದರು.

ಈ ವರ್ಷ ಅವರಿಗೆ ಲಕ್ವ ಹೊಡೆಯಿತು. ಬಲಭಾಗ ಬಿದ್ದುಹೋಯಿತು, ಮಾತೂ ನಿಂತಿತು. ನಾನು ನೋಡಲು ಹೋಗಿದ್ದಾಗ ಪಾಲಿಶ್ ಶೆಡ್ಡಿನ ಆ ಹುಡುಗ ಬಂದು ಬಾಗಿಲ ಹೊರಗೇ ನಿಂತ. ಮಂಚದಿಂದ ಬಾಗಿಲೂ ಅದರಾಚೆಯ ಅಂಗಳವೂ ಕಾಣುತ್ತಿದ್ದವು. ಸಾಹೇಬರ ಹೆಂಡತಿ, “ಒಳಗ ಬಾರಪ್ಪ, ಯಾಕ ನಿಂತಿ?” ಎಂದರು.

“ಅವ್ರು ಕರೀಲಿ, ಅವ್ವಾ. ಕುಂದರ್ತೀನಿ,” ಎಂದು ಅಂಗಳದ ಫರಸಿ ಕಲ್ಲಿನ ಮೇಲೆ ಕುಳಿತ.

ಸಾಹೇಬರು ಅವನನ್ನೇ ನೋಡಿದರು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು ಎತ್ತಿದರು. ಅದು ಮಡಿಸಿಕೊಂಡು ಎದೆಯ ಮೇಲೆ ಬಿತ್ತು. ಮತ್ತೆ ಎತ್ತಿದರು. ಮತ್ತೆ ಬಿತ್ತು. ಅವನು ಕತ್ತಲಾಗುವವರೆಗೆ ಕೂತಿದ್ದು ಹೋದ. ಮರುದಿನ ಬಂದು ಅಲ್ಲೇ ಕುಳಿತ. ಆ ಮಧ್ಯಾಹ್ನ ಸಾಹೇಬರು ತೀರಿಕೊಂಡರು.

ಶವವನ್ನು ಹೊರಗೆ ತಂದಾಗಲೂ ಅವನು ಕಲ್ಲಿನ ಮೇಲೆಯೇ ಇದ್ದ. ಹೆಗಲು ಕೊಡಲು ಯಾರೋ ಅವನತ್ತ ಕೈ ಬೀಸಿದರು. ಆಗ ಎದ್ದ.