ಗುಡ್ಡ ಹತ್ತಿದ ಕರೆಂಟು

ಬೆಳಗಿನ ಆರು ಗಂಟೆ. ಪಶ್ಚಿಮ ಸರ್ಬಿಯಾದ ಗೋರ್ನಿ ಲೂಗ್ ಹಳ್ಳಿಯ ತಮ್ಮ ಹೊಸ ಮನೆಯಲ್ಲಿ ವಿದೋಸಾವಾ ಉರಿಯುವ ಬಲ್ಬನ್ನು ಗೋಡೆಗೆ ಒತ್ತಿ ಹಿಡಿದಿದ್ದಾರೆ. ಓರೆಯಾಗಿ ಹರಿದ ಬೆಳಕಿನಲ್ಲಿ ಗಿಲಾವಿನ ಉಬ್ಬುತಗ್ಗುಗಳು ಸಣ್ಣ ಅಲೆಗಳಂತೆ ಎದ್ದು ಕಾಣುತ್ತವೆ. "ಹಗಲು ಬೆಳಕು ಮುಖಸ್ತುತಿ ಮಾಡುತ್ತೆ, ಬಲ್ಬು ಮಾಡಲ್ಲ," ಎಂದು ಕರಣೆ ಎತ್ತಿಕೊಳ್ಳುತ್ತಾರೆ.

ವಯಸ್ಸು ಐವತ್ನಾಲ್ಕು. ಅದರಲ್ಲಿ ಮೂವತ್ತು ವರ್ಷ ಸುತ್ತಲಿನ ಊರುಗಳ ಗೋಡೆಗಳಿಗೆ ಗಿಲಾವು ಮಾಡುವುದರಲ್ಲೇ ಹೋಗಿದೆ. ಮದುವೆ ಮುರಿದು ಬಂದಮೇಲೆ ಅಣ್ಣನ ಮನೆಯ ಅಡುಗೆಕೋಣೆಯ ಹಿಂದಿನ ಮಂಚವೇ ಅವರ ಜಾಗವಾಗಿತ್ತು. ಅಲ್ಲಿ ದೀಪ ಆರಿಸುವುದಕ್ಕೂ ಬೇರೆಯವರ ಅನುಕೂಲ ನೋಡಬೇಕಿತ್ತು. ಅದಕ್ಕೇ ಅಪ್ಪ ಕೊಟ್ಟ ಗುಡ್ಡದ ತುಂಡಿನ ತುದಿಯಲ್ಲಿ, ಎಂಟು ವರ್ಷ ಹಿಡಿದು, ತಾವೇ ಈ ಮನೆ ಕಟ್ಟಿದರು. ಕೂಲಿ ಮುಗಿಸಿ ಬಂದು, ಲಾಟೀನು ಹಚ್ಚಿಟ್ಟು ಗಿಲಾವು ಮಾಡಿದರು.

"ನಿನ್ನ ಅರಮನೇಲಿ ಗೂಬೆಗಳು ಸಂಸಾರ ಹೂಡ್ತವೆ ನೋಡ್ತಿರು, ವಿದಾ," ಎಂದು ಅತ್ತಿಗೆ ಯೆಲಿತ್ಸಾ ನಗುತ್ತಿದ್ದರು.

ಆ ಮಾತು ನಿಜವಾಗುವಂತೆಯೇ ಇತ್ತು. ತುದಿಯವರೆಗೆ ತಂತಿ ಎಳೆಯಲು ನಾಲ್ಕು ಕಂಬ ಬೇಕು ಎಂದಿತು ವಿದ್ಯುತ್ ಕಚೇರಿ. ಅವರು ಹೇಳಿದ ಖರ್ಚು ಮನೆಯ ಚಾವಣಿ, ಕಿಟಕಿ ಎರಡರ ಖರ್ಚನ್ನೂ ಮೀರಿತ್ತು. "ನದಿ ಕಾಣ್ಲಿ ಅಂತ ಮೇಲೆ ಕಟ್ಟಿದ್ದೆ. ನೋಟಕ್ಕೂ ಇಷ್ಟೊಂದು ಬೆಲೆ ಇರುತ್ತೆ ಅಂತ ಯಾರಿಗೆ ಗೊತ್ತಿತ್ತು?"

ದಾರಿ ತೋರಿಸಿದ್ದು ನಿವೃತ್ತ ಲೈನ್‌ಮನ್ ತಿಹೊಮಿರ್. "ಮೀಟರ್ ಪೆಟ್ಟಿಗೆ ಕೆಳಗೆ ರಸ್ತೆ ಪಕ್ಕ ಇಡ್ಸು. ಅವರ ತಂತಿ ಅಲ್ಲಿಗೇ ಮುಗೀತು. ಅಲ್ಲಿಂದ ಮೇಲಕ್ಕೆ ಕಾಲುವೆ ತೋಡಿದ್ರೆ ಕೇಬಲ್ ನಾನು ಹಾಕ್ತೀನಿ. ಮೊಬಾ ಕರಿಯಮ್ಮ!"

ಮೊಬಾ ಎಂದರೆ ಕೂಲಿಯಿಲ್ಲದ ಊರ ಕೆಲಸ. ಮನೆಯವರು ಊಟ ಹಾಕುತ್ತಾರೆ, ನಾಳೆ ಬಂದವರ ಮನೆಗೆ ತಾವೂ ದುಡಿಯಲು ಹೋಗುತ್ತಾರೆ. ವಿದೋಸಾವಾ ಎಷ್ಟೋ ಮೊಬಾಗಳಲ್ಲಿ ದುಡಿದಿದ್ದಾರೆ, ಒಂದನ್ನೂ ಕರೆದಿಲ್ಲ. ಕರೆಯುವುದು ಮನೆಯ ಯಜಮಾನ. "ಗಂಡಸಿಲ್ಲದ ಮನೆಗೆ ಯಾರು ಬರ್ತಾರೆ? ಕರೆದೂ ಯಾರೂ ಬರದಿದ್ರೆ, ಆಮೇಲೆ ಈ ಊರಲ್ಲಿ ಹೇಗೆ ತಲೆ ಎತ್ತಿ ಓಡಾಡ್ಲಿ?" ಆದರೆ ನೆಲ ಹೆಪ್ಪುಗಟ್ಟುವ ಚಳಿ ಹತ್ತಿರ ಬಂದಿತ್ತು. ಒಂದು ಶನಿವಾರ, ಕೈ ತೊಳೆದು, ಒಳ್ಳೆಯ ಕೋಟು ತೊಟ್ಟು, ಮನೆಮನೆ ಬಾಗಿಲು ತಟ್ಟಿದರು.

ಮರುದಿನ ನಸುಕಿನಲ್ಲಿ ಅವರು ಹುರುಳಿಕಾಯಿ ಬೀಜದ ಸಾರಿನ ದೊಡ್ಡ ಪಾತ್ರೆ ಇಟ್ಟುಕೊಂಡು ರಸ್ತೆಯ ಬದಿ ನಿಂತಿದ್ದರು. ಬರೀ ಮಂಜು. ಆಮೇಲೆ ಮಂಜಿನೊಳಗಿಂದ ಹೆಗಲ ಮೇಲೆ ಗುದ್ದಲಿ ಹೊತ್ತ ಒಂದು ಆಕೃತಿ ಬಂತು. ಯೆಲಿತ್ಸಾ.

"ಗೂಬೆ ಬಂದಿದೆ ಕಣೇ. ಎಲ್ಲಿಂದ ಅಗೀಬೇಕು ಹೇಳು."

ಅವರ ಬೆನ್ನಿಗೇ ಅಣ್ಣ, ಅಕ್ಕಪಕ್ಕದವರು, ವಿದೋಸಾವಾ ಗಿಲಾವು ಮಾಡಿದ ಮನೆಗಳವರೆಲ್ಲ ಬಂದರು. ತಂದಿಟ್ಟ ಪ್ಲಮ್ ಬ್ರಾಂದಿ ಸಾಲದಾಯಿತು. ಸಂಜೆಯ ಹೊತ್ತಿಗೆ ಕಾಲುವೆ ಹೊಸ್ತಿಲು ಮುಟ್ಟಿತ್ತು.

ತಿಹೊಮಿರ್ ಕೇಬಲ್ ಹಾಕಿ, ವಿದ್ಯುತ್ ಕಚೇರಿಯ ಪರೀಕ್ಷೆ, ಮೊಹರು ಎಲ್ಲ ಮುಗಿದು ಕಳೆದ ವಾರ ವಿದೋಸಾವಾ ಸ್ವಿಚ್ಚು ಒತ್ತಿದಾಗ ಅಂಗಳದಲ್ಲಿ ಕೇಕೆ ಎದ್ದಿತು. ಅವರು ಮಾತ್ರ ಬಲ್ಬಿನ ಪಕ್ಕದ ಗೋಡೆಯನ್ನೇ ನೋಡುತ್ತ ನಿಂತರು. ಲಾಟೀನಿನ ಮಬ್ಬಿನಲ್ಲಿ ಮಾಡಿದ ಗಿಲಾವಿನ ತುಂಬ ಅಲೆಗಳು.

"ನೋಡೇ ಅತ್ತಿಗೆ," ಎಂದು ಕಣ್ಣು ಒರೆಸಿಕೊಳ್ಳುತ್ತ ನಕ್ಕರು. "ಊರಿಗೆಲ್ಲ ನೆಟ್ಟಗೆ ಮಾಡಿಕೊಟ್ಟು ನನ್ನ ಗೋಡೆಯನ್ನೇ ಡೊಂಕು ಮಾಡ್ಕೊಂಡಿದ್ದೀನಿ! ಇರ್ಲಿ ಬಿಡು. ಈಗ ಕಾಣ್ಸುತ್ತಲ್ಲ."