ಕೆಂಪಿಲ್ಲದ ಔಷಧ

ನಾನು ಚಿಕ್ಕವನಿದ್ದಾಗ ಮೂಡಲಗಿಯ ನಮ್ಮ ಮನೆಯ ಹಿತ್ತಲಲ್ಲಿ ಬಣ್ಣದ ನೀರು ಕುದಿಯದ ದಿನವೇ ಇರಲಿಲ್ಲ. ಅಪ್ಪ ನೇಕಾರರಿಗೆ ನೂಲಿಗೆ ಬಣ್ಣ ಹಾಕಿಕೊಡುತ್ತಿದ್ದ. ಹಂಡೆಯಿಂದ ಏಳುವ ಹಬೆ ಮೂಗಿಗೆ ಘಾಟು ಹೊಡೆಯುತ್ತಿತ್ತು. ಹಗ್ಗದ ಮೇಲೆ ಹಾಕಿದ ಒದ್ದೆ ನೂಲಿನಿಂದ ಹನಿ ತೊಟ್ಟಿಕ್ಕಿ ಅಂಗಳದ ಮಣ್ಣು ಕೂಡ ಕೆಂಪು, ಹಸಿರಾಗಿತ್ತು.

ಆಮೇಲೆ ದೊಡ್ಡ ಯುದ್ಧ ಶುರುವಾಯಿತು. ಪರದೇಶದಿಂದ ಬರುವ ಬಣ್ಣದ ಪುಡಿ ಸಿಗುವುದೇ ಕಷ್ಟ. ಉಳಿದ ಚೂರು ಕೆಂಪು ಪುಡಿಯನ್ನು ಅಪ್ಪ ಒಂದು ಡಬ್ಬಿಯಲ್ಲಿ ಜೋಪಾನವಾಗಿಟ್ಟಿದ್ದ.

ಆ ಮಳೆಗಾಲದಲ್ಲಿ ನನಗೆ ಚಳಿಜ್ವರ ಬಂತು. ಎಷ್ಟು ಕೌದಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿದ್ದವು. ಅವ್ವ ಬಾಣಂತನಕ್ಕೆಂದು ತವರುಮನೆಗೆ, ನಾಗನೂರಿಗೆ ಹೋಗಿದ್ದಳು. ನನ್ನನ್ನು ನೋಡಿಕೊಳ್ಳುವವಳು ಅಕ್ಕ ಒಬ್ಬಳೇ. ಅಪ್ಪ ದವಾಖಾನೆಯಿಂದ ಬಾಟಲಿ ತಂದ. ಪ್ರತಿ ಸಲ ದಾಳಿಂಬೆಯ ರಸದಂತೆ ಕೆಂಪಗೆ ಹೊಳೆಯುತ್ತಿದ್ದ ಔಷಧ ಈ ಸಲ ಬರೀ ನೀರಿನಂತಿತ್ತು.

"ಅದಕ್ಕ ಹಾಕೂ ಬಣ್ಣ ಬರವಲ್ದಂತ. ಔಷಧ ಮಾತ್ರ ಅದ ಐತಿ," ಎಂದ ಅಪ್ಪ.

ನಾನು ಔಷಧಕ್ಕೆ ಬಾಯಿ ತೆರೆಯಲಿಲ್ಲ. "ಇದು ನೀರು, ನನಗ ಕೆಂಪು ಔಷಧನ ಬೇಕು," ಎಂದು ಗೋಡೆಯ ಕಡೆ ಹೊರಳಿದೆ. ಅಕ್ಕ ಬೆಲ್ಲ ತೋರಿಸಿದಳು, ಗದರಿಸಿದಳು. ಸಂಜೆಯ ಹೊತ್ತಿಗೆ ನನ್ನ ಮೈ ಕೆಂಡವಾಗಿತ್ತು.

ಸ್ವಲ್ಪ ಹೊತ್ತಿಗೆ ಅಕ್ಕ ನಗುತ್ತ ಬಟ್ಟಲು ತಂದಳು. ಒಳಗೆ ಕೆಂಪು ಔಷಧ! ನಾನು ಎದ್ದು ಕೂತು ಬಟ್ಟಲನ್ನು ತುಟಿಗೆ ಹಚ್ಚುವಷ್ಟರಲ್ಲಿ ಹಿತ್ತಲಿಂದ ಬಂದ ಅಪ್ಪ ಅದನ್ನು ನೋಡಿದ. ಒಂದೇ ನೆಗೆತಕ್ಕೆ ಬಂದು ಬಟ್ಟಲಿಗೆ ಹೊಡೆದ. ಸಗಣಿ ಸಾರಿಸಿದ ನೆಲದ ಮೇಲೆ ಕೆಂಪು ಹರಿಯಿತು.

"ಡಬ್ಬ್ಯಾಗಿಂದು ಹಾಕಿದಿ?"

"ಒಂದ ಚಿಟಿಕಿ, ಅಪ್ಪಾ," ಎಂದಳು ಅಕ್ಕ. "ದವಾಖಾನ್ಯಾಗೂ ಬಣ್ಣನ ಹಾಕ್ತಾರಲ್ಲ?"

"ಅವರು ಹಾಕೂದು ಬ್ಯಾರೆ ಬಣ್ಣ. ಇದು ನೂಲಿಗೆ ಹಾಕೂದವ್ವಾ, ಹೊಟ್ಟಿಗೆ ಹೋದ್ರ ವಿಷ," ಎಂದ ಅಪ್ಪ. ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು. ಅಪ್ಪ ಅವಳನ್ನು ಬೈಯಲಿಲ್ಲ. ಪಕ್ಕಕ್ಕೆ ಎಳೆದು ಕೂರಿಸಿಕೊಂಡ.

ಆಮೇಲೆ ಬಾಟಲಿ ತೆಗೆದು, ಆ ಬಣ್ಣವಿಲ್ಲದ ಔಷಧವನ್ನು ಒಂದು ಗುಟುಕು ತಾನೇ ಕುಡಿದ. ಕಹಿಗೆ ಅವನ ಮೀಸೆ ಮೇಲಕ್ಕೇರಿತು, ಒಂದು ಕಣ್ಣು ಮುಚ್ಚಿತು, ನಾಲಿಗೆ ಹೊರಗೆ ಬಂತು. ಅಳುತ್ತಿದ್ದ ಅಕ್ಕನೂ ನಕ್ಕುಬಿಟ್ಟಳು. ನಾನೂ ನಕ್ಕೆ.

"ನೀರು ಹಿಂಗ ಇರತೈತೇನು?" ಎಂದು ಅಪ್ಪ ನನ್ನ ಮುಂದೆ ಬಟ್ಟಲು ಹಿಡಿದ. ಕಣ್ಣು ಮುಚ್ಚಿ ಕುಡಿದೆ. ಒಂದೆರಡು ದಿನದಲ್ಲಿ ಮೈ ಬೆವರಿ ಜ್ವರ ಇಳಿಯಿತು. ಅಕ್ಕ ಮಾಡಿದ ಬಿಸಿ ಗಂಜಿಯನ್ನು ಗಟಗಟ ಕುಡಿದೆ.

ಮಕ್ಕಳೇ, ಈಗ ನಿಮ್ಮ ಔಷಧಕ್ಕೆ ಗುಲಾಬಿ ಬಣ್ಣ, ಕಿತ್ತಳೆಯ ರುಚಿ. ಯಾವ ಬಣ್ಣ ಹಾಕಿದ್ದಾರೆಂದು ಪೊಟ್ಟಣದ ಮೇಲೆಯೇ ಬರೆದಿರುತ್ತದೆ. ನಿಮ್ಮವ್ವ ಅದನ್ನು ಕನ್ನಡಕ ಏರಿಸಿ ಓದುತ್ತಾಳೆ. ಒಳ್ಳೆಯದೇ. ನಮ್ಮ ಬಾಟಲಿಯ ಮೇಲೆ ಒಂದಕ್ಷರವೂ ಇರುತ್ತಿರಲಿಲ್ಲ. ನಾವು ಕುಡಿಸುವವರ ಮುಖ ನೋಡಿ ಕುಡಿಯುತ್ತಿದ್ದೆವು.